ಡೋಲು ಬಡಿದ ಅಜ್ಜ, ಡೋಲು ಇಳಿಸಿದ ಮೊಮ್ಮಗ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕಂಬಳದ ಚರಿತ್ರೆ ಹೇಳುವವರು ಗುತ್ತಿನ ಮನೆಗಳ ಹೆಸರು ಹೇಳುತ್ತಾರೆ. ಗೆದ್ದ ಕೋಣಗಳ ಹೆಸರನ್ನೂ ಹೇಳುತ್ತಾರೆ. ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕೂತು ಬೆಳಗಿನ ತನಕ ಡೋಲು ಬಡಿದ ಕೊರಗರ ಹೆಸರು ಯಾರ ಬಾಯಲ್ಲೂ ಇಲ್ಲ. ತುಳುವಿನಲ್ಲಿ ಅದಕ್ಕೆ ‘ಪನಿ ಕುಲ್ಲುನು’ ಅಂತಾರೆ. ಡೋಲು ಬಡಿದರೆ ಮುಗಿಯಲಿಲ್ಲ. ಕೋಣಗಳಿಗಿಂತ ಮೊದಲು ಕೆಸರಿನಲ್ಲಿ ಕೊರಗರನ್ನೇ ಓಡಿಸುತ್ತಿದ್ದರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಮನೆಯ ಪೀಡೆ ಕಳೆಯಿತು ಎನ್ನುತ್ತಿದ್ದರು. ಇದೇ ಅಜಲು. 1909ರ ಥರ್ಸ್ಟನ್ ಗ್ರಂಥದಲ್ಲಿ, ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಅಂಡೆ ಕಟ್ಟಿಕೊಳ್ಳಬೇಕಾಗಿದ್ದ ಕೊರಗರ ಮಾತೂ ಇದೆ.

ಮೊಮ್ಮಗ ಶಾಲೆಗೆ ಹೋದ. ಬಂದವನೇ, "ಅಜ್ಜಾ, ನೀವು ಯಾಕೆ ಬಡಿದಿರಿ?" ಎಂದು ಕೇಳಿದ. ಅಜ್ಜನ ಉತ್ತರ ಒಂದೇ: "ಅದು ನಮ್ಮ ಹಕ್ಕು ಮಗಾ. ಅಕ್ಕಿ, ತೆಂಗಿನಕಾಯಿ ಕೊಡುತ್ತಿದ್ದರು." ಇಂಥ ಮಾತು ಕೇಳಿ ನಮ್ಮ ಹುಡುಗರು ಹಿರಿಯರನ್ನು ಗುಲಾಮರು ಎಂದು ಜರೆಯುತ್ತಾರೆ. ಹಿರಿಯರು ಹುಡುಗರನ್ನು ಸೊಕ್ಕಿನವರು ಅನ್ನುತ್ತಾರೆ.

ನಾವು ಕೇಳಬೇಕಾದ್ದು ಬೇರೆ. ಅಜ್ಜನ ಗುಡಿಸಲು ಯಾರ ನೆಲದಲ್ಲಿತ್ತು? ಧಣಿಯ ನೆಲದಲ್ಲಿ. ‘ಬಡಿಯೋದಿಲ್ಲ’ ಅಂದಿದ್ದರೆ ಆ ರಾತ್ರಿ ಮಕ್ಕಳನ್ನು ಎಲ್ಲಿ ಮಲಗಿಸಬೇಕಿತ್ತು? 1974ರ ಭೂಸುಧಾರಣೆ ಈ ಜಿಲ್ಲೆಯಲ್ಲಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಆದರೆ ಬುಟ್ಟಿ ಹೆಣೆದು ಬದುಕುವ ಕೊರಗನ ಕೈಯಲ್ಲಿ ಗೇಣಿಯೇ ಇರಲಿಲ್ಲ, ಡಿಕ್ಲರೇಶನ್ ಕೊಡುವುದು ಎಲ್ಲಿಂದ? ಅಜ್ಜ ತಗ್ಗಿಸಿದ ತಲೆ ಆ ಗುಡಿಸಲಿಗೆ ತೆತ್ತ ಗೇಣಿ. ಅದನ್ನು ಒಪ್ಪಿಗೆ ಅನ್ನುವವರು ಧಣಿಯ ಲೆಕ್ಕವನ್ನೇ ಓದುತ್ತಿದ್ದಾರೆ.

ಇದನ್ನು ಅರಿತೇ 1993ರಲ್ಲಿ ಕೊರಗರು ಮಂಗಳೂರಿನ ಬೀದಿಗೆ ಇಳಿದು ಭೂಮಿ ಕೇಳಿದರು. ಆ ನೆನಪಿಗೆ ಆಗಸ್ಟ್ 18 ಇಂದು ಭೂಮಿ ಹಬ್ಬ. 1994ರ ಮಹಮ್ಮದ್ ಪೀರ್ ವರದಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಎಂದಿತು. 2000ದಲ್ಲಿ ಅಜಲು ನಿಷೇಧದ ಕಾಯಿದೆ ಬಂತು. ಕಾಯಿದೆ ಡೋಲು ಇಳಿಸುವ ಧೈರ್ಯ ಕೊಟ್ಟಿತು, ಸರಿ. ಆದರೆ ಎರಡೂವರೆ ಎಕರೆ ಎಲ್ಲರ ಕೈಗೆ ಬರಲಿಲ್ಲ.

ಗೆಳೆಯರೇ, ಅಜ್ಜ-ಮೊಮ್ಮಗನ ನಡುವಿನ ಈ ಬಿರುಕನ್ನು ಅವರ ವಯಸ್ಸು ಮಾಡಿದ್ದಲ್ಲ, ಅಜಲು ಮಾಡಿದ್ದು. ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿಗಳು ಒಂದು ಕೆಲಸ ಮಾಡಬೇಕು. ಹಿರಿಯರ ಹತ್ತಿರ ಕೂತು ಯಾವ ಗದ್ದೆಯಲ್ಲಿ, ಯಾರ ಹೇಳಿಕೆಗೆ, ಎಷ್ಟು ಅಕ್ಕಿಗೆ ಬಡಿದಿರಿ ಎಂದು ಕೇಳಿ ಬರೆದಿಡಿ. ಅದು ನಮ್ಮ ಚರಿತ್ರೆ. ನಾಳೆ ಭೂಮಿ ಕೇಳುವಾಗ ಮೊಮ್ಮಗನ ಕೈಯಲ್ಲಿ ಅಜ್ಜನ ಸಾಕ್ಷಿಯೂ ಇರಲಿ.