ಸುಂಕದ ಕೋಟೆಗಳ ನಡುವೆ ಒಂದು ಮಧುಚಂದ್ರ

ಯುರೋಪಿಗೆ ಮಧುಚಂದ್ರಕ್ಕೆ ಹೋಗುವ ಅನೇಕರು ಜರ್ಮನಿಯ ರೈನ್ ನದಿಯಲ್ಲಿ ಒಂದು ದಿನವಾದರೂ ದೋಣಿಯಾನ ಮಾಡುತ್ತಾರೆ. ಬಿಂಗೆನ್‌ನಿಂದ ಕೊಬ್ಲೆನ್ಸ್‌ವರೆಗಿನ 65 ಕಿಲೋಮೀಟರ್ ಹಾದಿಯಲ್ಲಿ ಸುಮಾರು 40 ಕೋಟೆಗಳಿವೆ. ಕಡಿದಾದ ಗುಡ್ಡದ ಮೈತುಂಬ ದ್ರಾಕ್ಷಿ ತೋಟ, ಅದರ ಬುಡದಲ್ಲಿ ಪುಟ್ಟ ಊರು, ನೆತ್ತಿಯ ಮೇಲೊಂದು ಪಾಳುಕೋಟೆ. ಪ್ರೇಮಿಗಳಿಗೆಂದೇ ಯಾರೋ ಬಿಡಿಸಿಟ್ಟ ಚಿತ್ರದಂತೆ ಕಾಣುವ ನೋಟವಿದು. ಆದರೆ ಈ ಚಿತ್ರ ಪ್ರಸಿದ್ಧವಾಗಲು ನೆರವಾದವರಲ್ಲಿ ಒಂದು ಜೋಡಿ ಇಲ್ಲಿಗೆ ಬಂದದ್ದು ವಿಹಾರಕ್ಕಲ್ಲ. ಊರಿಗೆ ಮರಳಲು ಹಣ ಸಾಲದೆ.

1814ರ ಜುಲೈ 28ರ ಬೆಳಗಿನ ಜಾವ ಇಂಗ್ಲಿಷ್ ಕವಿ ಪರ್ಸಿ ಶೆಲ್ಲಿ ಮತ್ತು ಮೇರಿ ಗಾಡ್ವಿನ್ ಲಂಡನ್ನಿನಿಂದ ಓಡಿಹೋದರು. ಅವನಿಗೆ 21 ವರ್ಷ, ಅವಳಿಗೆ 16. ಮೇರಿಯ ಮಲತಾಯಿಯ ಮಗಳು ಕ್ಲೇರ್ ಕೂಡ ಜೊತೆಗಿದ್ದಳು. ಇದನ್ನು ಮಧುಚಂದ್ರ ಎನ್ನೋಣವೆಂದರೆ ಇವರಿಗೆ ಮದುವೆಯೇ ಆಗಿರಲಿಲ್ಲ. ಶೆಲ್ಲಿಯ ಹೆಂಡತಿ ಹ್ಯಾರಿಯೆಟ್ ಆಗ ಬಸುರಿ.

ನೆಪೋಲಿಯನ್ ಪದಚ್ಯುತನಾಗಿ ಕೆಲವೇ ತಿಂಗಳಾಗಿತ್ತು. ಪ್ಯಾರಿಸಿನಲ್ಲಿ ಒಂದು ಕತ್ತೆ ಕೊಂಡು ಮೂವರೂ ಕಾಲ್ನಡಿಗೆಯಲ್ಲಿ ಹೊರಟರು. ಕತ್ತೆ ಕೈಕೊಟ್ಟಿತು, ಹೇಸರಗತ್ತೆ ಬಂತು. ಶೆಲ್ಲಿಯ ಕಾಲು ಉಳುಕಿತು. ದಾರಿಯುದ್ದಕ್ಕೂ ಯುದ್ಧದಲ್ಲಿ ಸುಟ್ಟುಹೋದ ಹಳ್ಳಿಗಳು. ಹೇಗೋ ಸ್ವಿಟ್ಜರ್‌ಲೆಂಡ್ ತಲುಪುವಷ್ಟರಲ್ಲಿ ಜೇಬು ಬರಿದಾಯಿತು. ಮರಳಲು ಎಲ್ಲಕ್ಕಿಂತ ಅಗ್ಗದ ದಾರಿಯೆಂದರೆ ಜಲಮಾರ್ಗ. ಹೀಗಾಗಿ ಅವರು ರೈನ್ ನದಿಗೆ ಇಳಿದರು.

ಮೇರಿಗೆ 17 ತುಂಬಿದ್ದು ಈ ಪ್ರಯಾಣದಲ್ಲೇ. ತನ್ನನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡ ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟಳ ಪ್ರವಾಸ ಪತ್ರಗಳನ್ನು ಶೆಲ್ಲಿ ದೋಣಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದ. ಕುಡಿದು, ಹೊಗೆ ಬಿಡುತ್ತ ಗದ್ದಲವೆಬ್ಬಿಸುತ್ತಿದ್ದ ಸಹಪ್ರಯಾಣಿಕರನ್ನು ಕಂಡರೆ ಮೇರಿಗೆ ಆಗುತ್ತಿರಲಿಲ್ಲ. ಆದರೆ ಮೈನ್ಸ್ ದಾಟಿದ ಮೇಲಿನ ನದಿ, ಬಂಡೆ, ಪಾಳುಕೋಟೆಗಳು ಅವಳ ಮನಸ್ಸಿನಲ್ಲಿ ಉಳಿದುಬಿಟ್ಟವು.

ಆ ಕೋಟೆಗಳಾದರೂ ಅಲ್ಲಿ ಏಕಿದ್ದವು? ಮುಖ್ಯ ಕಾರಣ ಸುಂಕ. ಮಧ್ಯಯುಗದಲ್ಲಿ ರೈನ್ ದೊಡ್ಡ ವ್ಯಾಪಾರ ಮಾರ್ಗ. ಸರಕಿನ ದೋಣಿಗಳನ್ನು ದಡದ ಪಾಳೆಯಗಾರರು, ಬಿಷಪ್ಪರು ಹೆಜ್ಜೆಹೆಜ್ಜೆಗೂ ತಡೆದು ಸುಂಕ ಕೀಳುತ್ತಿದ್ದರು. ಕೌಬ್ ಎಂಬ ಊರಿನೆದುರು ನದಿಯ ನಟ್ಟನಡುವೆ ನಿಂತಿರುವ ಫಾಲ್ಸ್‌ಗ್ರಾಫೆನ್‌ಸ್ಟೈನ್ ಕೋಟೆ 1327ರ ಸುಮಾರಿಗೆ ಎದ್ದದ್ದು ಇದಕ್ಕಾಗಿಯೇ. ಅಲ್ಲಿ ಸುಂಕ ವಸೂಲಿ ನಿಂತದ್ದು 1860ರ ದಶಕದಲ್ಲಿ! ಸುಂಕದವನ ಹತ್ತಿರ ಸುಖದುಃಖ ಹೇಳಿಕೊಳ್ಳುವಂತಿಲ್ಲ ಎಂಬುದು ರೈನ್ ನದಿಯ ದೋಣಿಕಾರರಿಗೂ ಗೊತ್ತಿದ್ದ ಮಾತೇ ಇರಬೇಕು.

ಕೋಟೆಗಳನ್ನು ಪಾಳುಗೆಡವಿದ್ದೂ ಕಾಲವೊಂದೇ ಅಲ್ಲ. 1689ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಯ ಪಡೆಗಳು ಹಲವನ್ನು ಕೆಡವಿದವು. ಇಲ್ಲಿನ ಬೆಟ್ಟದ ಕೋಟೆಗಳಲ್ಲಿ ಒಮ್ಮೆಯೂ ನಾಶವಾಗದೆ ಉಳಿದದ್ದು ಮಾರ್ಕ್ಸ್‌ಬುರ್ಗ್ ಒಂದೇ. ಮೇರಿ ಬಂದ ವರ್ಷದ ಹೊಸ ವರ್ಷದ ರಾತ್ರಿಯೇ ಪ್ರಷ್ಯದ ಸೇನಾನಿ ಬ್ಲೂಖರ್ ಇದೇ ಕೌಬ್ ಬಳಿ ತನ್ನ ಸೈನ್ಯವನ್ನು ನದಿ ದಾಟಿಸಿದ್ದ.

ಪ್ರೇಮಿಗಳು ಸೆಪ್ಟೆಂಬರ್ 13ರಂದು ಇಂಗ್ಲೆಂಡಿಗೆ ಮರಳಿದರು. ಈ ಪ್ರವಾಸದ ಕಥನ 1817ರಲ್ಲಿ ಲೇಖಕರ ಹೆಸರಿಲ್ಲದೆ ಅಚ್ಚಾಯಿತು. ಮರುವರ್ಷ ಬಂದ ಮೇರಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯಲ್ಲಿ ನಾಯಕನೂ ಅವನ ಗೆಳೆಯನೂ ಇದೇ ನದಿಯಲ್ಲಿ ದೋಣಿಯೇರಿ ಬರುತ್ತಾರೆ. ಡಾರ್ಮ್‌ಸ್ಟಾಟ್ ಬಳಿ ಅದೇ ಹೆಸರಿನ ಕೋಟೆಯೊಂದಿದೆ. ಮೇರಿ ಅದನ್ನು ಕಂಡಿದ್ದಳೆಂಬುದು ಊಹೆ ಮಾತ್ರ. ಬೈರನ್‌ನ ಕಾವ್ಯವೂ ಸೇರಿ ರೈನ್ ಹೆಸರು ಎಲ್ಲೆಡೆ ಹರಡಿತು. 1827ರಲ್ಲಿ ಕಲೋನ್–ಮೈನ್ಸ್ ನಡುವೆ ಹಬೆದೋಣಿಗಳ ನಿಯತ ಸಂಚಾರ ಶುರುವಾದ ಮೇಲೆ ಪ್ರವಾಸಿಗಳು ದಂಡುದಂಡಾಗಿ ಬಂದರು. 2002ರಲ್ಲಿ ಯುನೆಸ್ಕೊ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಜೋಡಿ ತೆತ್ತ ಸುಂಕವೂ ಸಣ್ಣದಲ್ಲ. 1815ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಮೊದಲ ಮಗು ಕೆಲವೇ ದಿನ ಬದುಕಿತು. 1816ರ ಡಿಸೆಂಬರಿನಲ್ಲಿ ಹ್ಯಾರಿಯೆಟ್ ನೀರಿಗೆ ಬಿದ್ದು ಪ್ರಾಣ ಕಳೆದುಕೊಂಡ ಸುದ್ದಿ ಬಂತು; ಅದೇ ತಿಂಗಳ 30ರಂದು ಶೆಲ್ಲಿ, ಮೇರಿ ಮದುವೆಯಾದರು. ಎಲ್ಲರಿಗಿಂತ ಹೆಚ್ಚು ತೆತ್ತವಳು ದೋಣಿಯಲ್ಲಿ ಇಲ್ಲದ ಹ್ಯಾರಿಯೆಟ್ಟೇ. 1822ರಲ್ಲಿ ಶೆಲ್ಲಿ ಇಟಲಿಯ ಕಡಲಿನಲ್ಲಿ ಮುಳುಗಿ ತೀರಿಕೊಂಡ.

1840ರಲ್ಲಿ ಮೇರಿ ಮತ್ತೆ ರೈನ್ ತೀರಕ್ಕೆ ಬಂದಳು. ಈ ಬಾರಿ ಜೊತೆಗಿದ್ದವನು ಬೆಳೆದ ಮಗ. ಕೋಟೆಗಳು ಇದ್ದಲ್ಲೇ ಇದ್ದವು.