ಅರಿಸಿನದ ಗುಳಿಗೆ ಮತ್ತು ಕಿಮೋ: ಕ್ಯಾನ್ಸರ್ ಚಿಕಿತ್ಸೆಯ ನಡುವೆ ಪೂರಕಗಳ ಬಳಕೆ

ನವಿಲುತೀರ್ಥದ ಅಣೆಕಟ್ಟಿನ ಆಸುಪಾಸಿನ ಸವದತ್ತಿ, ರಾಮದುರ್ಗ, ಬೈಲಹೊಂಗಲದ ಹಳ್ಳಿಗಳಿಂದ ಕ್ಯಾನ್ಸರ್ ರೋಗಿಗಳು ಬೆಳಗಾವಿಗೆ, ಇಲ್ಲವೇ ಹುಬ್ಬಳ್ಳಿಯ ನವನಗರಕ್ಕೆ ಚಿಕಿತ್ಸೆಗೆ ಹೋಗುತ್ತಾರೆ. ಕಿಮೋ ಮುಗಿಸಿ ಊರಿಗೆ ಮರಳಿದವರನ್ನು ಮಾತನಾಡಿಸಲು ಬರುವ ಬಳಗ ಬರಿಗೈಲಿ ಬರುವುದಿಲ್ಲ. ಒಬ್ಬರು ಅಮೃತಬಳ್ಳಿ ರಸ ತಂದರೆ ಇನ್ನೊಬ್ಬರು ಅರಿಸಿನದ ಗುಳಿಗೆಯ ಡಬ್ಬಿ ತರುತ್ತಾರೆ. ‘ಇದೇನ್ ಔಷಧ ಅಲ್ರೀ ವೈನಿ, ಅಡಗಿಮನಿ ಅರಿಷಿಣನ’ ಎಂಬ ಮಾತಿನ ಹಿಂದಿನ ಅಕ್ಕರೆಯನ್ನು ಅನುಮಾನಿಸಬೇಕಿಲ್ಲ. ಡಬ್ಬಿಯನ್ನು ಮಾತ್ರ ತಿರುಗಿಸಿ ಓದಬೇಕು.

ಅಲ್ಲಿ ಸಾಮಾನ್ಯವಾಗಿ ಎರಡು ಹೆಸರುಗಳಿರುತ್ತವೆ: ಅರಿಸಿನದ ಹಳದಿ ಸತ್ವ ಕರ್ಕ್ಯುಮಿನ್, ಕಾಳುಮೆಣಸಿನ ಖಾರದ ಸತ್ವ ಪೈಪರಿನ್. ಮೆಣಸು ಏಕೆ ಬಂತೆಂಬುದಕ್ಕೆ ಉತ್ತರ ಬೆಂಗಳೂರಿನಲ್ಲಿದೆ. ಬರೀ ಕರ್ಕ್ಯುಮಿನ್ ನುಂಗಿದರೆ ಕರುಳು, ಯಕೃತ್ತುಗಳು ಅದನ್ನು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. ರಕ್ತಕ್ಕೆ ಸೇರುವುದು ಅತ್ಯಲ್ಪ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ದಕ್ಕುವ ಪ್ರಮಾಣ ಶೇ 2000ದಷ್ಟು ಏರಿತೆಂದು 1998ರಲ್ಲಿ ಪ್ರಕಟಿಸಿದರು. ಇಂದಿನ ಎಷ್ಟೋ ಗುಳಿಗೆಗಳ ಪ್ರಚಾರ ನಿಂತಿರುವುದು ಈ ಒಂದು ಅಂಕಿಯ ಮೇಲೆ.

ಆದರೆ ಪೈಪರಿನ್ ತಡೆಯುವುದು ಕರ್ಕ್ಯುಮಿನ್ನಿನ ವಿಸರ್ಜನೆಯನ್ನಷ್ಟೇ ಅಲ್ಲ. ಸಿವೈಪಿ 3ಎ4 ಎಂಬ ಕಿಣ್ವವನ್ನೂ ಅದು ಕುಗ್ಗಿಸಬಲ್ಲದೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಡೋಸಿಟ್ಯಾಕ್ಸೆಲ್‌ನಂಥ ಕಿಮೋ ಔಷಧಗಳನ್ನು ದೇಹ ಕರಗಿಸುವುದು ಇದೇ ಕಿಣ್ವದಿಂದ. ಸ್ತನ ಕ್ಯಾನ್ಸರಿಗೆ ವರ್ಷಗಟ್ಟಲೆ ನುಂಗುವ ಟ್ಯಾಮಾಕ್ಸಿಫೆನ್ ಕೂಡ ದೇಹದಲ್ಲಿ ಎಂಡಾಕ್ಸಿಫೆನ್ ಆಗಿ ಮಾರ್ಪಟ್ಟ ಮೇಲೆಯೇ ಪೂರ್ತಿ ಕೆಲಸ ಮಾಡುತ್ತದೆ. 2019ರಲ್ಲಿ ನೆದರ್‌ಲ್ಯಾಂಡ್ಸಿನ ರೋಟರ್‌ಡ್ಯಾಮ್‌ನಲ್ಲಿ 16 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಕರ್ಕ್ಯುಮಿನ್, ಪೈಪರಿನ್ ಎರಡನ್ನೂ ಸೇರಿಸಿ ಕೊಟ್ಟಾಗ ಎಂಡಾಕ್ಸಿಫೆನ್ ಸುಮಾರು ಶೇ 12ರಷ್ಟು ಕಡಿಮೆಯಾಯಿತು. ಚಿಕ್ಕ ಅಧ್ಯಯನ, ನಿಜ. ಆದರೂ ಕಡೆಗಣಿಸುವಂಥದ್ದಲ್ಲ.

ಅಡುಗೆಯ ಅರಿಸಿನಕ್ಕೆ ಈ ಆತಂಕ ಬೇಡ. ಅದರಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರಷ್ಟು. ಬೆಂಗಳೂರಿನ ಪ್ರಯೋಗದ 2 ಗ್ರಾಂ ದಕ್ಕಬೇಕಾದರೆ ಸುಮಾರು 67 ಗ್ರಾಂ ಪುಡಿ ತಿನ್ನಬೇಕು. ಸಾರಿಗೆ ಹಾಕುವುದು ಚಿಟಿಕೆ.

ಅಮೃತಬಳ್ಳಿಯ ಕಥೆ ಇನ್ನೂ ಗಂಭೀರ. ಅದನ್ನು ಸೇವಿಸಿ ಯಕೃತ್ತಿಗೆ ಪೆಟ್ಟಾದ 43 ರೋಗಿಗಳ ವಿವರವನ್ನು ದೇಶದ 13 ಕೇಂದ್ರಗಳ ವೈದ್ಯರು 2022ರಲ್ಲಿ ಪ್ರಕಟಿಸಿದರು. ಕಿಮೋದ ಪ್ರಮಾಣವೇ ಯಕೃತ್ತಿನ ಸ್ಥಿತಿಯನ್ನು ನೋಡಿ ನಿರ್ಧಾರವಾಗುವಾಗ ಇದು ಸಣ್ಣ ಸಂಗತಿಯಲ್ಲ. ವಿಟಮಿನ್ನುಗಳೂ ಸದಾ ನಿರಪಾಯವಲ್ಲ: ಫಿನ್‌ಲ್ಯಾಂಡಿನ 29,133 ಧೂಮಪಾನಿ ಪುರುಷರ ಅಧ್ಯಯನದಲ್ಲಿ, ಕ್ಯಾನ್ಸರ್ ತಡೆಯಲೆಂದು ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು ಕಂಡಿತ್ತು. 1994ರಲ್ಲಿ ಆ ಫಲಿತಾಂಶ ಹೊರಬಂತು.

ರಕ್ತಪರೀಕ್ಷೆಯಲ್ಲಿ ಕೊರತೆ ಕಂಡು ವೈದ್ಯರೇ ಬರೆದುಕೊಟ್ಟ ಕಬ್ಬಿಣಾಂಶವೋ ವಿಟಮಿನ್ ಡಿಯೋ ಬೇರೆ ಮಾತು. ತೊಡಕು ಇರುವುದು ಹೇಳದೆ ನುಂಗುವುದರಲ್ಲಿ. ‘ಬ್ಯಾರೆ ಔಷಧ ತಗೋತೀರೇನು?’ ಎಂದು ಕೇಳಿದರೆ ಮನೆಯವರು ಪ್ರಾಮಾಣಿಕವಾಗಿಯೇ ‘ಇಲ್ರೀ’ ಎನ್ನುತ್ತಾರೆ. ಅರಿಸಿನ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ. ‘ರಸ, ಪುಡಿ, ಡಬ್ಬಿ ಗುಳಿಗಿ ಏನೇನ್ ನಡದೈತ್ರಿ?’ ಎಂದು ಬಿಡಿಸಿ ಕೇಳುವುದು, ಮುಂದಿನ ಕಿಮೋಕ್ಕೆ ಬರುವಾಗ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಬರಲು ಹೇಳುವುದು ಯಾವ ಆಸ್ಪತ್ರೆಗೂ ಖರ್ಚಿನ ಕೆಲಸವಲ್ಲ.