ಎಂಟು ಚುಕ್ಕಿಯ ಚೌಕದಲ್ಲಿ ಅಕ್ಷರ: ಹಳೇ ಮನೆ ಕಂಪ್ಯೂಟರ್‌ಗಳ ಫಾಂಟ್ ಉಳಿಸುವ ಕೆಲಸ

ಊರಿಗೆ ಬರುವ ಬಸ್ಸಿನ ಮುಂದೆ ಹೊಳೆಯುವ ಎಲ್‌ಇಡಿ ಬೋರ್ಡನ್ನು ಹತ್ತಿರದಿಂದ ನೋಡಿದ್ದೀರಾ? ದೂರದಿಂದ ಅದು ಊರಿನ ಹೆಸರು. ಹತ್ತಿರ ಹೋದರೆ ಬರೀ ದೀಪದ ಚುಕ್ಕಿಗಳು. ಕೆಲವು ಉರಿಯುತ್ತವೆ, ಕೆಲವು ಆರಿರುತ್ತವೆ. ಇಲ್ಲಿ ಅಕ್ಷರವನ್ನು ಗೆರೆ ಎಳೆದು ಬರೆದಿಲ್ಲ, ಚುಕ್ಕಿ ಎಣಿಸಿ ಕೂರಿಸಿದ್ದಾರೆ. ಧಾರವಾಡದ ಕಡೆ ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಅವರು ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ ಮೂಡಿಸುತ್ತಾರೆ.

ಕಂಪ್ಯೂಟರಿನ ಪರದೆಯಲ್ಲಿ ಈ ಚುಕ್ಕಿಗೆ ಪಿಕ್ಸೆಲ್ ಅನ್ನುತ್ತಾರೆ. ನಲವತ್ತು ವರ್ಷಗಳ ಹಿಂದೆ ಬ್ರಿಟನ್, ಅಮೆರಿಕದ ಮನೆಗಳಿಗೆ ಬಂದ ಅಗ್ಗದ ಕಂಪ್ಯೂಟರ್‌ಗಳಲ್ಲಿ ಎಲ್ಲ ಅಕ್ಷರಗಳೂ ಹೀಗೇ ಇದ್ದವು. ಆ ಅಕ್ಷರಗಳನ್ನು ಇವತ್ತು ಹುಡುಕಿ, ಕೂಡಿಸಿ, ಬೇರೆ ಬೇರೆ ಯಂತ್ರಗಳಿಗೆ ಹೊಂದಿಸುವ ಜನ ಇದ್ದಾರೆ. ಹವ್ಯಾಸಕ್ಕೆ ಮಾಡುವ ಕೆಲಸ ನಿಜ. ಆದರೆ ಅದರೊಳಗೆ ಒಂದು ಗಟ್ಟಿ ಪ್ರಶ್ನೆ ಇದೆ: ಯಂತ್ರವೇ ಇಲ್ಲವಾದ ಮೇಲೆ ಅದರ ಅಕ್ಷರವನ್ನು ಉಳಿಸುವುದು ಅಂದರೆ ಏನು? ಈ ಪ್ರಶ್ನೆ ನಮ್ಮ ಕನ್ನಡಕ್ಕೂ ಹೇಗೆ ಬಂದು ತಟ್ಟುತ್ತದೆ ಎಂಬುದನ್ನು ಕೊನೆಗೆ ನೋಡೋಣ. ಮೊದಲು ಯಂತ್ರದ ಕಥೆ.

1982ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಸಿಂಕ್ಲೇರ್ ರಿಸರ್ಚ್ ಕಂಪನಿ ‘ಝಡ್‌ಎಕ್ಸ್ ಸ್ಪೆಕ್ಟ್ರಮ್’ ಎಂಬ ಪುಟ್ಟ ಕಂಪ್ಯೂಟರ್ ಹೊರತಂದಿತು. 16 ಕೆಬಿ ಮಾದರಿಗೆ 125 ಪೌಂಡ್. ಅದಕ್ಕೆ ಬೇರೆ ಪರದೆ ಇರಲಿಲ್ಲ, ಮನೆಯ ಟಿವಿಗೇ ಸಿಕ್ಕಿಸಬೇಕು. ಪ್ರೋಗ್ರಾಮ್ ಇಡಲು ನಾವು ಹಾಡು ಕೇಳುತ್ತಿದ್ದಂಥದೇ ಟೇಪ್ ರೆಕಾರ್ಡರ್, ಅದೇ ಕ್ಯಾಸೆಟ್. ಯಂತ್ರದ ಮೂಲ ಬುದ್ಧಿಯೆಲ್ಲ ಅಳಿಸಲಾಗದ 16 ಕೆಬಿ ಚಿಪ್ಪಿನಲ್ಲಿತ್ತು. ಆ ಚಿಪ್ಪಿನ ಕಟ್ಟಕಡೆಯ 768 ಬೈಟ್‌ಗಳಲ್ಲಿ ಅಕ್ಷರಗಳು ಕೂತಿದ್ದವು.

768 ಯಾಕೆ? ಒಟ್ಟು 96 ಚಿಹ್ನೆಗಳು: ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಕಾಮಾ, ಪೌಂಡಿನ ಗುರುತು ಇತ್ಯಾದಿ. ಒಂದೊಂದಕ್ಕೂ 8 ಸಾಲು, ಸಾಲಿಗೆ 8 ಚುಕ್ಕಿ. ಒಂದು ಸಾಲಿಗೆ ಒಂದು ಬೈಟ್. 96ನ್ನು 8ರಿಂದ ಗುಣಿಸಿದರೆ 768. ನೀವು ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳಿಸುವ ಒಂದು ಶುಭೋದಯದ ಚಿತ್ರದ ಜಾಗದಲ್ಲಿ ಇಂಥ ನೂರಾರು ಫಾಂಟ್ ಹಿಡಿಸುತ್ತವೆ.

ಸ್ಪೆಕ್ಟ್ರಮ್‌ನಲ್ಲಿ ಇಂಗ್ಲಿಷಿನ ‘ಎ’ ಹೀಗಿತ್ತು:

□□□□□□□□
□□■■■■□□
□■□□□□■□
□■□□□□■□
□■■■■■■□
□■□□□□■□
□■□□□□■□
□□□□□□□□

ಯಂತ್ರದ ನೆನಪಿನಲ್ಲಿ ಇದು ಚಿತ್ರವಲ್ಲ, ಎಂಟು ಅಂಕಿ: 0, 60, 66, 66, 126, 66, 66, 0. ಲೆಕ್ಕ ಸುಲಭ. ಸಾಲಿನ ಎಂಟು ಮನೆಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ ಕಟ್ಟಿ. ತುಂಬಿದ ಮನೆಗಳ ಬೆಲೆ ಮಾತ್ರ ಕೂಡಿಸಿ. ಎರಡನೇ ಸಾಲಿನಲ್ಲಿ 32, 16, 8, 4 ತುಂಬಿವೆ, ಒಟ್ಟು 60. ಚೌಕಳಿ ಪುಸ್ತಕ, ಪೆನ್ಸಿಲ್ ಇದ್ದರೆ ಶಾಲೆ ಮಕ್ಕಳೂ ಮಾಡಬಹುದು. ಆಗ ಮಾಡಿದವರಲ್ಲಿ ಮಕ್ಕಳೇ ಬಹಳ.

ಅದೇ 1982ರಲ್ಲಿ ಅಮೆರಿಕದಲ್ಲಿ ‘ಕಮೊಡೋರ್ 64’ ಬಂತು. ಅದರ ‘ಎ’ ನೋಡಿ:

□□□■■□□□
□□■■■■□□
□■■□□■■□
□■■■■■■□
□■■□□■■□
□■■□□■■□
□■■□□■■□
□□□□□□□□

ಚೌಕ ಅದೇ, ಅಕ್ಷರ ಬೇರೆ. ನೆಟ್ಟನೆಯ ಗೆರೆಗಳು ಎರಡು ಚುಕ್ಕಿ ದಪ್ಪ. ಇದು ಬರೀ ಚೆಂದಕ್ಕಲ್ಲ. ಅಂದಿನ ಬಣ್ಣದ ಟಿವಿಗಳಲ್ಲಿ ಒಂದೇ ಚುಕ್ಕಿ ದಪ್ಪದ ನೆಟ್ಟ ಗೆರೆ ಸರಿಯಾಗಿ ನಿಲ್ಲುತ್ತಿರಲಿಲ್ಲ. ಅಂಚಿನಲ್ಲಿ ಇಲ್ಲದ ಬಣ್ಣ ಇಣುಕುತ್ತಿತ್ತು. ಗೆರೆ ದಪ್ಪವಾದರೆ ಆ ಕಾಟ ಕಡಿಮೆ. ಆದರೆ ದಪ್ಪ ಮಾಡಿದಷ್ಟೂ ಒಳಗಿನ ಖಾಲಿ ಜಾಗ ಕಿರಿದಾಗುತ್ತದೆ. ನೋಡಿ, ಸ್ಪೆಕ್ಟ್ರಮ್‌ನ ‘ಎ’ ಹೊಟ್ಟೆಯಲ್ಲಿ ನಾಲ್ಕು ಚುಕ್ಕಿ ಅಗಲದ ಬಯಲಿದೆ, ಕಮೊಡೋರಿನದರಲ್ಲಿ ಎರಡೇ. ಅಕ್ಷರದ ರೂಪವನ್ನು ಅರ್ಧ ಬರೆದದ್ದು ಕೈ, ಇನ್ನರ್ಧ ಟಿವಿ ಅಂತಲೇ ನಾವು ಹೇಳುತ್ತೇವೆ.

ಚಿಪ್ಪಿನಲ್ಲಿರುವ ಅಕ್ಷರ ಅಳಿಸಲಾಗದು ಸರಿ, ಆದರೆ ಬದಲಿಸಬಹುದಿತ್ತು. ಸ್ಪೆಕ್ಟ್ರಮ್‌ನ ನೆನಪಿನಲ್ಲಿ 23606 ಮತ್ತು 23607 ಎಂಬ ಎರಡು ಮನೆಗಳಿವೆ. ‘ಅಕ್ಷರಗಳು ಎಲ್ಲಿವೆ’ ಎಂಬ ವಿಳಾಸ ಅಲ್ಲಿರುತ್ತದೆ. ನಿಮ್ಮದೇ 768 ಬೈಟ್‌ಗಳನ್ನು ಕ್ಯಾಸೆಟ್ಟಿನಿಂದ ನೆನಪಿನ ಬೇರೊಂದು ಜಾಗಕ್ಕೆ ಇಳಿಸಿ, ಆ ವಿಳಾಸ ತಿದ್ದಿದರೆ ಮುಗಿಯಿತು, ಮುಂದೆ ಪರದೆಗೆ ಬರುವುದೆಲ್ಲ ಹೊಸ ಅಕ್ಷರದಲ್ಲೇ. ಒಂದು ತಮಾಷೆ ಇದೆ. ಅಲ್ಲಿ ಬರೆಯಬೇಕಾದದ್ದು ನಿಜವಾದ ವಿಳಾಸವಲ್ಲ, ಅದಕ್ಕಿಂತ 256 ಕಡಿಮೆ. ಯಾಕೆಂದರೆ ಮೊದಲ 32 ಸಂಕೇತಗಳಿಗೆ ರೂಪವೇ ಇಲ್ಲ. ಇಲ್ಲದ 32 ಅಕ್ಷರಗಳ ಜಾಗವನ್ನೂ ಯಂತ್ರ ಎಣಿಸಿಕೊಂಡೇ ಮುಂದೆ ಹೋಗುತ್ತದೆ.

ಪೂರ್ತಿ ಫಾಂಟ್ ಬೇಡದವರಿಗೆ, ತಾವೇ ಬರೆದುಕೊಳ್ಳಲು 21 ಖಾಲಿ ಚಿಹ್ನೆಗಳಿದ್ದವು. ಪತ್ರಿಕೆಗಳು ಪುಟಗಟ್ಟಲೆ ಅಂಕಿ ಅಚ್ಚು ಹಾಕುತ್ತಿದ್ದವು. ಹುಡುಗರು ಕೂತು ಒಂದೊಂದೇ ಟೈಪ್ ಮಾಡುತ್ತಿದ್ದರು. ಒಂದು ಅಂಕಿ ತಪ್ಪಿದರೆ ಅಕ್ಷರಕ್ಕೆ ಕಾಲು ಮುರಿದಂತೆ. ಆಟ ತಯಾರಿಸುವವರೂ ಯಂತ್ರದ ಸ್ವಂತ ಅಕ್ಷರ ಬಿಟ್ಟು ತಮ್ಮದೇ ಬರೆದುಕೊಂಡರು. ರಾಕ್ಷಸರ ಆಟಕ್ಕೆ ಚೂಪು ಅಕ್ಷರ, ಬಾಹ್ಯಾಕಾಶದ ಆಟಕ್ಕೆ ಮೂಲೆ ಕತ್ತರಿಸಿದ ಅಕ್ಷರ. ಹೀಗೆ ಹುಟ್ಟಿದ ಸಾವಿರಾರು ರೂಪಗಳಲ್ಲಿ ಹೆಚ್ಚಿನವುಗಳ ಅಡಿಯಲ್ಲಿ ಬರೆದವರ ಹೆಸರಿಲ್ಲ. ನಮ್ಮ ಹಳೇ ಅಚ್ಚುಮೊಳೆ ಕೆತ್ತಿದವರ ಪಾಡೂ ಇದೇ ಅಲ್ಲವೇ?

ಒಂದು ಅಕ್ಷರ ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ಒಂದು ಉದಾಹರಣೆ. 1976ರಲ್ಲಿ ಅಮೆರಿಕದ ಕೀ ಗೇಮ್ಸ್ ಕಂಪನಿ ‘ಕ್ವಿಜ್ ಶೋ’ ಎಂಬ, ಕಾಸು ಹಾಕಿ ಆಡುವ ಯಂತ್ರ ತಂದಿತು. ಅದರ 8×8 ಅಕ್ಷರಗಳ ರೂಪ ಜಪಾನಿನ ನಾಮ್ಕೊ ಕಂಪನಿಯ ಆಟಗಳಿಗೆ ದಾಟಿತು, 1980ರ ‘ಪ್ಯಾಕ್‌ಮ್ಯಾನ್’ ಆಟದಲ್ಲೂ ಅದೇ ಮನೆತನದ ಅಕ್ಷರ. ಅಲ್ಲಿಂದ ಎಷ್ಟೋ ಆಟಗಳಿಗೆ ಹರಡಿತು. ಅಕ್ಷರ ವಿನ್ಯಾಸಕ ತೋಶಿ ಒಮಗಾರಿ ಇಂಥ ಆಟದ ಯಂತ್ರಗಳ ಅಕ್ಷರಗಳನ್ನು ಕೂಡಿಸಿ 2019ರಲ್ಲಿ ಒಂದು ಪುಸ್ತಕವನ್ನೇ ಮಾಡಿದರು.

ಇನ್ನು ಕೂಡಿಸುವ ಕೆಲಸ. ಅಕ್ಷರಗಳು ಕ್ಯಾಸೆಟ್ಟಿನಲ್ಲಿವೆ, ಕ್ಯಾಸೆಟ್ಟು ಹಾಳಾಗುವ ವಸ್ತು. ಬೂಸ್ಟು ಹಿಡಿದ ಹಾಡಿನ ಕ್ಯಾಸೆಟ್ ಮನೆಯಲ್ಲಿಟ್ಟುಕೊಂಡವರಿಗೆ ಇದು ಗೊತ್ತು. ಹಾಡಾದರೆ ನಡುವೆ ಸ್ವಲ್ಪ ಗೊರಗೊರ ಅಂದರೂ ಕೇಳಬಹುದು. ಪ್ರೋಗ್ರಾಮಿನಲ್ಲಿ ಒಂದು ಬೈಟ್ ಕೆಟ್ಟರೆ ಯಂತ್ರ ಪೂರ್ತಿ ಕಡತವನ್ನೇ ಬೇಡ ಅಂದುಬಿಡುತ್ತದೆ. ಅದಕ್ಕೇ ಮೊದಲು ಟೇಪಿನ ಸದ್ದನ್ನು ಇಂದಿನ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಆಮೇಲೆ ಹಳೇ ಯಂತ್ರದಂತೆಯೇ ನಡೆಯುವ ಎಮ್ಯುಲೇಟರ್ ಎಂಬ ಪ್ರೋಗ್ರಾಮಿನಲ್ಲಿ ಅದನ್ನು ಓಡಿಸಿ, ಇಡೀ ನೆನಪನ್ನು ಎಂಟೆಂಟು ಬೈಟ್‌ಗಳ ಚೌಕವಾಗಿ ಪರದೆ ಮೇಲೆ ಹರಡುತ್ತಾರೆ. ಬಹುಪಾಲು ಬರೀ ಕಸದಂತೆ ಕಾಣುತ್ತದೆ. ಅದರ ನಡುವೆ ಒಂದು ಕಡೆ ಸಾಲಾಗಿ ಎ, ಬಿ, ಸಿ ಎದ್ದು ಬರುತ್ತವೆ.

ಸಿಕ್ಕಿತು ಅಂದುಕೊಳ್ಳುವಾಗಲೇ ತೊಡಕು ಶುರು. ಎಷ್ಟೋ ಆಟಗಳಲ್ಲಿ ಪೂರ್ತಿ 96 ಚಿಹ್ನೆ ಇರುವುದೇ ಇಲ್ಲ. ಹೆಸರು, ಅಂಕ ತೋರಿಸಲು ದೊಡ್ಡಕ್ಷರ ಮತ್ತು ಹತ್ತು ಅಂಕಿ ಸಾಕಲ್ಲ! ಜಾಗ ಉಳಿಸಲು ಮಿಕ್ಕದ್ದನ್ನು ಬಿಟ್ಟಿರುತ್ತಾರೆ. ಈಗ ಕೂಡಿಸುವವರು ಏನು ಮಾಡಬೇಕು? ಖಾಲಿ ಬಿಟ್ಟರೆ ಆ ಫಾಂಟನ್ನು ಯಾರೂ ಬಳಸಲಾರರು. ಚಿಕ್ಕಕ್ಷರಗಳನ್ನು ತಾವೇ ಬರೆದು ತುಂಬಿದರೆ ಹತ್ತು ವರ್ಷದ ಮೇಲೆ ನೋಡುವವರಿಗೆ ಯಾವುದು ಹಳೆಯದು, ಯಾವುದು ಸೇರಿಸಿದ್ದು ತಿಳಿಯದು. ಎರಡನ್ನೂ ಬೇರೆ ಬೇರೆ ಇಡಬೇಕು, ಸೇರಿಸಿದ್ದನ್ನು ಸೇರಿಸಿದ್ದು ಅಂತ ಬರೆದಿಡಬೇಕು ಎಂಬುದು ನಮ್ಮ ಅಭಿಪ್ರಾಯ. ಹಳೇ ಶಾಸನ ಓದುವವರು ಒಡೆದ ಅಕ್ಷರವನ್ನು ಊಹಿಸಿ ತುಂಬುವಾಗ ಆವರಣದಲ್ಲಿ ಹಾಕುತ್ತಾರೆ. ಆ ಶಿಸ್ತು ಇಲ್ಲಿಗೂ ಬೇಕು.

ಒಂದು ಯಂತ್ರದ್ದನ್ನು ಇನ್ನೊಂದಕ್ಕೆ ಹೊಂದಿಸುವುದು ಇನ್ನೂ ಸೂಕ್ಷ್ಮ. ಅಂಕಿಗಳನ್ನು ಹಾಗೇ ನಕಲು ಮಾಡಿದರೆ ಸಾಲದೇ ಎಂದು ಕೇಳಬಹುದು. ಸಾಲದು, ಯಾಕೆಂದರೆ ಅಕ್ಷರಗಳು ಕೂರುವ ಸರದಿ ಬೇರೆ. ಸ್ಪೆಕ್ಟ್ರಮ್‌ನಲ್ಲಿ ದೊಡ್ಡ ‘ಎ’ಯ ಸಂಖ್ಯೆ 65. ಕಮೊಡೋರ್ 64ರ ಪರದೆಯ ಲೆಕ್ಕದಲ್ಲಿ ಅದು 1. ಅಟಾರಿ ಕಂಪ್ಯೂಟರಿನ ಒಳಲೆಕ್ಕದಲ್ಲಿ 33. ಸರದಿ ಬದಲಿಸದೆ ಇಳಿಸಿದರೆ ‘ಎ’ ಒತ್ತಿದರೆ ಇನ್ನೇನೋ ಬರುತ್ತದೆ. ಸರದಿ ಸರಿಮಾಡಿದರೂ ಮುಗಿಯಲಿಲ್ಲ. ಸ್ಪೆಕ್ಟ್ರಮ್‌ನ ಸಣಕಲು ಗೆರೆ ಕಮೊಡೋರಿನ ಟಿವಿಯಲ್ಲಿ ಮಸುಕಾಗುತ್ತದೆ, ಅದನ್ನು ದಪ್ಪ ಮಾಡಬೇಕು. ದಪ್ಪ ಮಾಡಿದರೆ ‘ಎಂ’ ಎಂಬ ಅಕ್ಷರದ ಮೂರು ಕಾಲುಗಳಿಗೆ ಜಾಗವಿಲ್ಲ. ಮೂರು ಕಾಲಿಗೆ ಎರಡೆರಡು ಅಂದರೆ ಆರು ಚುಕ್ಕಿ, ನಡುವೆ ಎರಡು ಖಾಲಿ, ಎಂಟೂ ಮುಗಿದವು. ಪಕ್ಕದ ಅಕ್ಷರಕ್ಕೂ ಇದಕ್ಕೂ ಸಂದಿಯೇ ಇಲ್ಲ. ಆಗ ಕೈ ಬೇಕು, ಕಣ್ಣು ಬೇಕು. ಎಲ್ಲಿ ಕದಿಯಬೇಕು, ಎಲ್ಲಿ ಬಿಡಬೇಕು ಎಂದು ಒಂದೊಂದೇ ಚುಕ್ಕಿ ನೋಡಿ ತೀರ್ಮಾನಿಸಬೇಕು.

ಇದಕ್ಕಿಂತ ಕಷ್ಟದ್ದನ್ನೂ ಜನ ಮಾಡಿದ್ದಾರೆ. ಸ್ಪೆಕ್ಟ್ರಮ್ ಪರದೆಯಲ್ಲಿ ಸಾಲಿಗೆ 32 ಅಕ್ಷರ ಮಾತ್ರ. ಕಾಗದ ಬರೆಯಲು ಅದು ಸಾಲದು. ‘ಟ್ಯಾಸ್‌ವರ್ಡ್ ಟೂ’ ಎಂಬ ಬರವಣಿಗೆಯ ಪ್ರೋಗ್ರಾಮ್ ಅಕ್ಷರದ ಅಗಲವನ್ನು ನಾಲ್ಕು ಚುಕ್ಕಿಗೆ ಇಳಿಸಿ ಸಾಲಿಗೆ 64 ಅಕ್ಷರ ಹಿಡಿಸಿತು. ಸಂದಿಗೆ ಒಂದು ಹೋದರೆ ಅಕ್ಷರಕ್ಕೆ ಉಳಿದದ್ದು ಮೂರೇ ಚುಕ್ಕಿ. ‘ಎಂ’, ‘ಡಬ್ಲ್ಯು’ ಎರಡನ್ನೂ ಮೂರು ಚುಕ್ಕಿಯಲ್ಲಿ ಸರಿಯಾಗಿ ಬರೆಯಲು ಆಗದು. ಓದುವವರ ಕಣ್ಣು ಪದ ನೋಡಿ ಅಕ್ಷರ ಊಹಿಸಿಕೊಳ್ಳಬೇಕು.

ಇವನ್ನೆಲ್ಲ ಕೂಡಿಸಲು ಹಕ್ಕು ಯಾರದು? ಅಮೆರಿಕದಲ್ಲಿ ಅಕ್ಷರದ ಆಕಾರಕ್ಕೆ ಕೃತಿಸ್ವಾಮ್ಯ ಇಲ್ಲ, 1978ರ ಒಂದು ಮೊಕದ್ದಮೆಯಲ್ಲಿ ಅಲ್ಲಿನ ನ್ಯಾಯಾಲಯವೂ ಹಾಗೇ ಹೇಳಿತು. ಬ್ರಿಟನ್ನಿನಲ್ಲಿ ರಕ್ಷಣೆ ಇದೆ, ಆದರೆ 1988ರ ಕಾಯ್ದೆ ಅದಕ್ಕೆ 25 ವರ್ಷಗಳ ಗಡಿ ಹಾಕಿದೆ. ಸ್ಪೆಕ್ಟ್ರಮ್ ವ್ಯವಹಾರವನ್ನು 1986ರಲ್ಲಿ ಕೊಂಡ ಆಮ್‌ಸ್ಟ್ರಾಡ್ ಕಂಪನಿ, ಆ ಚಿಪ್ಪಿನ ಒಳಹೂರಣವನ್ನು ಎಮ್ಯುಲೇಟರ್‌ಗಳ ಜೊತೆ ಹಂಚಲು 1999ರಲ್ಲಿ ಒಪ್ಪಿತು. ಆ ಒಪ್ಪಿಗೆ ಇಲ್ಲದಿದ್ದರೆ ಉಳಿಸುವ ಕೆಲಸ ಕದ್ದುಮುಚ್ಚಿಯೇ ನಡೆಯಬೇಕಿತ್ತು.

ಈಗ ನಮ್ಮ ಕಡೆಗೆ. 1984ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ಶುರುಮಾಡಿ ಆಯ್ದ ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಬಂದದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ‘ಬಿಬಿಸಿ ಮೈಕ್ರೊ’. ಅದರಲ್ಲೂ ಅಕ್ಷರ ಬದಲಿಸಬಹುದಿತ್ತು: ‘ವಿಡಿಯು 23’ ಎಂದು ಬರೆದು, ಚಿಹ್ನೆಯ ಸಂಖ್ಯೆ ಕೊಟ್ಟು, ಎಂಟು ಅಂಕಿ ಟೈಪ್ ಮಾಡಿದರೆ ಹೊಸ ಅಕ್ಷರ ಸಿದ್ಧ. ಹಾಗಾದರೆ ಕನ್ನಡ?

ಚೌಕಳಿ ಕಾಗದದಲ್ಲಿ ನೀವೇ ಬರೆದು ನೋಡಿ. ‘ರ’ ಹೇಗೋ ಕೂರುತ್ತದೆ: ತಲೆಕಟ್ಟಿಗೆ ಎರಡು ಸಾಲು, ಹೊಟ್ಟೆಗೆ ನಾಲ್ಕೈದು. ಅದರ ನಡುವೆ ಒಂದು ಚುಕ್ಕಿ ಇಟ್ಟರೆ ‘ಠ’. ಮುಂದೆ ‘ದ’, ‘ಧ’, ‘ಥ’ ಬರೆಯಿರಿ. ಈ ಮೂರರ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕಿ ಅಷ್ಟೇ. ಎಂಟು ಸಾಲಿನಲ್ಲಿ ಅದನ್ನು ತೋರಿಸುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಇನ್ನು ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ ಎಲ್ಲಿಡುವುದು? ‘ಸ್ತ್ರೀ’ ಎಂಬ ಒಂದೇ ಅಕ್ಷರ ಆ ಚೌಕವನ್ನು ಒಡೆದುಹಾಕುತ್ತದೆ. ಕನ್ನಡ ಕಷ್ಟದ ಲಿಪಿ ಎಂದು ಇದನ್ನು ಓದಬೇಡಿ. ಆ ಚೌಕವನ್ನು ಇಂಗ್ಲಿಷಿನ ಅಳತೆ ಹಿಡಿದು ಹೊಲಿದಿದ್ದರು, ಅಷ್ಟೇ. ಬೇರೆಯವರ ಅಳತೆಯ ಅಂಗಿ ನಮಗೆ ಬಿಗಿಯಾದರೆ ಮೈಯದು ತಪ್ಪೇ?

ಭಾರತದ ಲಿಪಿಗಳಿಗೆಂದೇ ಐಐಟಿ ಕಾನ್ಪುರದಲ್ಲಿ ಬೆಳೆದು, ಆಮೇಲೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ ‘ಜಿಸ್ಟ್’ ತಂತ್ರಜ್ಞಾನ ಬೇರೆ ದಾರಿ ಹಿಡಿಯಿತು. ಕಂಪ್ಯೂಟರಿನೊಳಗೆ ಒಂದು ಪ್ರತ್ಯೇಕ ಕಾರ್ಡ್ ಸಿಕ್ಕಿಸಿ, ಒತ್ತು ಗುಣಿತಗಳನ್ನು ಜೋಡಿಸುವ ಕೆಲಸವನ್ನು ಅದಕ್ಕೇ ಒಪ್ಪಿಸಿದರು. 1998ರಲ್ಲಿ ಶುರುವಾದ ‘ಯೂನಿಫಾಂಟ್’ ಎಂಬ ಮುಕ್ತ ಚುಕ್ಕಿ ಫಾಂಟಿನಲ್ಲಿ ಇಂದು ಕನ್ನಡವೂ ಇದೆ. ಅಲ್ಲಿ ಚೌಕ 16 ಚುಕ್ಕಿ ಎತ್ತರ.

ಸ್ಪೆಕ್ಟ್ರಮ್‌ನ ಅಕ್ಷರಗಳನ್ನು ಅಲ್ಲಿನವರು ಒಂದೊಂದಾಗಿ ಕೂಡಿಸಿಟ್ಟಿದ್ದಾರೆ. ನಮ್ಮ ಚುಕ್ಕಿ ಅಕ್ಷರಗಳು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಬಿಲ್ಲು, ರಸೀದಿಗಳಲ್ಲಿ, ಡಿಟಿಪಿ ಅಂಗಡಿಯ ಫ್ಲಾಪಿಗಳಲ್ಲಿ ಚದುರಿವೆ. ಅಂಥದ್ದು ನಿಮ್ಮ ಮನೆಯಲ್ಲೋ ಪರಿಚಯದ ಅಂಗಡಿಯಲ್ಲೋ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ಮಾತು ತಿಳಿಸಿ. ಫ್ಲಾಪಿ ಸಿಕ್ಕರೆ ಮತ್ತೆ ಮತ್ತೆ ಹಾಕಿ ತೆಗೆದು ಮಾಡಬೇಡಿ. ಮೊದಲ ಸಲ ಓದಿದಾಗಲೇ ಪೂರ್ತಿ ನಕಲು ತೆಗೆದುಕೊಳ್ಳಿ. ಕಾಗದ ಸಿಕ್ಕರೆ ಮಡಿಕೆ ಬಿಡಿಸಿ, ನೆರಳು ಬೀಳದ ಹಗಲು ಬೆಳಕಿನಲ್ಲಿ ನೇರ ಮೇಲಿನಿಂದ ಫೋಟೊ ತೆಗೆಯಿರಿ, ಪಕ್ಕದಲ್ಲೊಂದು ಸ್ಕೇಲ್ ಇಡಿ. ಹೆಸರು, ಖಾತೆ ಸಂಖ್ಯೆ ಇದ್ದರೆ ಬೆರಳಲ್ಲಿ ಮುಚ್ಚಿಕೊಳ್ಳಿ, ನಮಗೆ ಬೇಕಾದದ್ದು ಅಕ್ಷರ ಮಾತ್ರ.